ಎಂಟನೇ ನಂಬರಿನ ನೇಮಕಾತಿ

ಥಾರ್ನ್‌ಶಾ ಊರಿನ ರಗ್ಬಿ ಲೀಗ್ ಕ್ಲಬ್ಬು ಕಳೆದ ವರ್ಷ ಹತ್ತು ತಂಡಗಳ ಪಟ್ಟಿಯಲ್ಲಿ ಒಂಬತ್ತನೆಯ ಸ್ಥಾನ ಗಳಿಸಿತು. ಹತ್ತನೆಯ ತಂಡ ಅರ್ಧ ಋತುವಿಗೇ ಆಟ ನಿಲ್ಲಿಸಿ ಮನೆಗೆ ಹೋಗಿತ್ತೆಂಬುದನ್ನೂ ಇಲ್ಲಿ ದಾಖಲಿಸಬೇಕಾಗುತ್ತದೆ. ಸೋಲಿನ ಕಾರಣದ ಬಗ್ಗೆ ಊರಿನಲ್ಲಿ ಎರಡು ಮಾತಿರಲಿಲ್ಲ. ಆಟಗಾರರ ನೇಮಕಾತಿ ಸರಿಯಿಲ್ಲ. ಈ ಮಾತನ್ನು ಜನ ಬಸ್ಸಿನಲ್ಲಿ, ಮಾಂಸದಂಗಡಿಯಲ್ಲಿ, ಸತ್ತವರ ಗೋರಿಗೆ ಹೂವಿಟ್ಟು ಬರುವ ದಾರಿಯಲ್ಲಿಯೂ ಆಡುತ್ತಿದ್ದರು.

ಕ್ಲಬ್ಬಿನ ಅಧ್ಯಕ್ಷ ರಾಡ್ನಿ ಫರ್ತ್ ಅವರದು ಕಾರ್ಪೆಟ್ ಅಂಗಡಿ. ಬಂದ ಗಿರಾಕಿಗಳೆಲ್ಲ ಕಾರ್ಪೆಟ್ ಕೊಳ್ಳುವುದು ಬಿಟ್ಟು ಬೈದು ಹೋಗುತ್ತಿದ್ದುದರಿಂದ ಬೇಸತ್ತು ಅವರು ನವೆಂಬರ್ ಮೊದಲ ವಾರ ಕ್ಲಬ್ಬಿನ ಬಾಗಿಲಿಗೆ ಒಂದು ಪ್ರಕಟಣೆ ಅಂಟಿಸಿದರು:

“ಸಮಸ್ತ ಅಭಿಮಾನಿಗಳಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ತಂಡದ ಪುನರ್ನಿರ್ಮಾಣದ ಸಂಪೂರ್ಣ ಅಧಿಕಾರವನ್ನು ಅಭಿಮಾನಿಗಳ ಸಮಿತಿಗೆ ವಹಿಸಲಾಗಿದೆ. ಇನ್ನು ಮುಂದೆ ಸೋಲಿನ ಬಗ್ಗೆ ದೂರುಗಳಿದ್ದಲ್ಲಿ ದೂರುದಾರರು ತಮಗೆ ತಾವೇ ಬರೆದುಕೊಳ್ಳತಕ್ಕದ್ದು.”

ಸಮಿತಿಯ ಕಾರ್ಯದರ್ಶಿ ಎಡ್ವಿನ್ ಸಗ್ಡನ್. ಗ್ಯಾಸ್ ಆಫೀಸಿನಿಂದ ನಿವೃತ್ತನಾದವನು, ಇಪ್ಪತ್ತೆರಡು ವರ್ಷಗಳಿಂದ ಅಭಿಮಾನಿಗಳ ಸಂಘದ ನಡಾವಳಿ ಬರೆಯುತ್ತಿದ್ದವನು. ತನ್ನ ಮದುವೆಯ ದಿನವೂ ಚರ್ಚಿನಲ್ಲಿ ಹಿಂದಿರುಗಿ ನೋಡಿ ಕೋರಂ ಇದೆಯೇ ಎಂದು ಎಣಿಸಿದ ಮನುಷ್ಯ.

ಅವನ ಅಳಿಯ ಡಾರೆಲ್ ಲಂಬ್ ಇದೇ ತಂಡದಲ್ಲಿ ಎಂಟನೇ ನಂಬರಿನ ಅಂಗಿ ತೊಟ್ಟು ಪ್ರಾಪ್ ಆಗಿ, ಅಂದರೆ ಮುಂದಿನ ಸಾಲಿನ ದಾಂಡಿಗನಾಗಿ ಆಡುತ್ತಿದ್ದ. ವಾರವೆಲ್ಲ ಮನೆಗಳ ಮಾಡಿಗೆ ಹಂಚು ಹೊದಿಸುವುದು, ಭಾನುವಾರ ಚೆಂಡನ್ನು ಎದೆಗವಚಿಕೊಂಡು ಎದುರಾಳಿಗಳ ಗೋಡೆಗೆ ತಲೆ ಕೊಟ್ಟು ನುಗ್ಗುವುದು, ಇವು ಅವನ ಎರಡು ಕಸುಬು. ವಯಸ್ಸು ಮೂವತ್ನಾಲ್ಕು. ಆಡಿದ ಪಂದ್ಯ ನೂರ ತೊಂಬತ್ತೊಂಬತ್ತು. ಇನ್ನೂರು ಮುಟ್ಟಿದವರ ಹೆಸರನ್ನು ಕ್ಲಬ್ಬಿನ ಸಭಾಂಗಣದಲ್ಲಿ ಮರದ ಫಲಕದ ಮೇಲೆ ಬಂಗಾರದ ಬಣ್ಣದಲ್ಲಿ ಬರೆಸುತ್ತಾರೆ. ನೂರಿಪ್ಪತ್ತು ವರ್ಷಗಳಲ್ಲಿ ಹಾಗೆ ಏರಿದ್ದು ಹನ್ನೊಂದು ಹೆಸರು. ಹನ್ನೆರಡನೆಯದಕ್ಕೆ ಒಂದೇ ಒಂದು ಪಂದ್ಯ ಬಾಕಿ. ಡಾರೆಲ್‌ನ ಹೆಂಡತಿ, ಎಡ್ವಿನ್ನನ ಮಗಳು ಕರ್ಸ್ಟಿ ಆ ದಿನಕ್ಕೆಂದೇ ಒಂದು ಕೋಟು ತೆಗೆದಿಟ್ಟಿದ್ದಳು. ಎಡ್ವಿನ್ನನಿಗೆ ಅವರಿಬ್ಬರಿಗಿಂತ ಹೆಚ್ಚು ಆಸೆಯಿತ್ತು, ಆದರೆ ಅವನು ಅದನ್ನು ಯಾರಿಗೂ ಹೇಳಿರಲಿಲ್ಲ.

ಸಮಿತಿಯ ಮೊದಲ ಸಭೆ ಮಾಂಸದ ಪೈ ಮತ್ತು ಬೆಂದ ಬಟಾಣಿಯ ಸಮ್ಮುಖದಲ್ಲಿ ನಡೆಯಿತು. ತಂಡಕ್ಕೆ ಮೊಟ್ಟಮೊದಲು ಬೇಕಾದದ್ದು ಒಬ್ಬ ಪ್ರಾಪ್ ಎಂದು ಶಾಲೆಯಲ್ಲಿ ಮಕ್ಕಳಿಗೆ ಊಟ ಬಡಿಸುವ ಬ್ರೆಂಡಾ ಓಲ್ಡ್‌ರಾಯ್ಡ್ ಹೇಳಿದಳು. “ಈಗಿರೋನು ಒಂದ್ಸಲ ತಿರುಗೋ ಅಷ್ಟರಲ್ಲಿ ನನ್ ಪೈ ಆರಿಹೋಗತ್ತೆ,” ಎಂಬುದು ಅವಳ ವಾದ. ತನ್ನ ಕಾಲದ ಪ್ರಾಪ್‌ಗಳಿಗೆ ಮಂಡಿಯೇ ಇರಲಿಲ್ಲ, ಆದ್ದರಿಂದ ಮಂಡಿನೋವೂ ಇರಲಿಲ್ಲ ಎಂದು ನಿವೃತ್ತ ಬಸ್ ಚಾಲಕ ಕ್ಲೆಮ್ ಹೇಗ್ ಅನುಮೋದಿಸಿದ. ಎರಡು ಗಂಟೆಯ ಚರ್ಚೆಯ ಬಳಿಕ ಮೂರು ನಿಯಮಗಳು ಅಂಗೀಕಾರವಾದವು. ಹೊಸಬ ಬರುವ ಮುನ್ನ ಹಳಬನ ಜಾಗ ಖಾಲಿಯಾಗತಕ್ಕದ್ದು. ಖಾಲಿಯಾದ ಜಾಗವನ್ನು ಯೋಗ್ಯನು ದೊರೆಯುವವರೆಗೆ ಇನ್ನಾರೂ ತುಂಬತಕ್ಕದ್ದಲ್ಲ. ಈ ಕ್ಲಬ್ಬಿಗೆ ಹಿಂದೆ ಆಡಿದ ಯಾರನ್ನೂ ಮತ್ತೆ ತೆಗೆದುಕೊಳ್ಳತಕ್ಕದ್ದಲ್ಲ, ಏಕೆಂದರೆ ಹಳಸಿದ್ದನ್ನು ಬಿಸಿ ಮಾಡಿ ಬಡಿಸಿದರೆ ಅದು ಪುನರ್ನಿರ್ಮಾಣವಾಗುವುದಿಲ್ಲ. ಮೂರನ್ನೂ ಎಡ್ವಿನ್ ದುಂಡಗಿನ ಅಕ್ಷರದಲ್ಲಿ ಬರೆದುಕೊಂಡ.

ಇನ್ನುಳಿದದ್ದು ಡಾರೆಲ್‌ನನ್ನು ಬಿಡುಗಡೆ ಮಾಡುವ ಠರಾವು. ಅದನ್ನು ಮಂಡಿಸುವವರು ಯಾರು?

“ನಿನ್ ಅಳಿಯನ ವಿಷ್ಯ ಕಣಯ್ಯ ಇದು,” ಎಂದ ಕ್ಲೆಮ್. “ನಾಳೆ ಯಾರೂ ಪಕ್ಷಪಾತ ಅನ್ಬಾರ್ದು. ನೀನೇ ಮಂಡಿಸ್ಬಿಡು.”

ಈ ತರ್ಕದಲ್ಲಿ ಎಡ್ವಿನ್ನನಿಗೆ ಒಂದು ತಪ್ಪೂ ಕಾಣಲಿಲ್ಲ. ಎದ್ದು ನಿಂತು ಮಂಡಿಸಿದ. ಮಂಡಿಸಿದ ಮೇಲೆ, ಬಿಡುಗಡೆ ಇನ್ನೊಂದು ಪಂದ್ಯದ ನಂತರ ಆಗಲಿ ಎಂದು ತಿದ್ದುಪಡಿ ಕೇಳಲು ಬಾಯಿ ತೆರೆದ. ಆದರೆ ಮಂಡಿಸಿದವನೇ ತಿದ್ದುಪಡಿ ತರುವಂತಿಲ್ಲವೆಂಬ ನಿಯಮ ಸಂಘದಲ್ಲಿತ್ತು. ಅದನ್ನು ಬರೆದವನೂ ಎಡ್ವಿನ್ನನೇ. ಬಾಯಿ ಮುಚ್ಚಿಕೊಂಡ. ಠರಾವು ಸರ್ವಾನುಮತದಿಂದ ಪಾಸಾಯಿತು.

ಕರ್ಸ್ಟಿ ಹದಿನೇಳು ದಿನ ಅಪ್ಪನ ಜೊತೆ ಮಾತು ಬಿಟ್ಟಳು. ಡಾರೆಲ್ ಮಾತ್ರ ನಿಯಮ ಅಂದಮೇಲೆ ನಿಯಮ ಎಂದು ಹೇಳಿ, ನಾಲ್ಕು ಮೈಲಿ ಆಚೆಗಿನ ರೇವನ್ಸ್‌ಬಿ ತಂಡ ಸೇರಿಕೊಂಡ. ಥಾರ್ನ್‌ಶಾದವರು ರೇವನ್ಸ್‌ಬಿಯ ಮೇಲೆ ಹಾದುಹೋಗುವ ಬಸ್ಸನ್ನೂ ಹತ್ತುವುದಿಲ್ಲ.

ಫೆಬ್ರವರಿಯಲ್ಲಿ ಹೊಸ ಋತು ಶುರುವಾಯಿತು. ಎರಡನೆಯ ನಿಯಮದ ಪ್ರಕಾರ ಥಾರ್ನ್‌ಶಾ ಹದಿಮೂರರ ಬದಲು ಹನ್ನೆರಡು ಜನರನ್ನು ಇಳಿಸಿತು. ಎಂಟನೇ ನಂಬರಿನ ಅಂಗಿಯನ್ನು ಮಡಿಸಿ ಬೆಂಚಿನ ಮೇಲೆ ಇಡಲಾಗುತ್ತಿತ್ತು. ಮೊದಲ ಮೂರು ಪಂದ್ಯಗಳನ್ನು ತಂಡ ಸೋತಿತು. ಆದರೂ ಖಾಲಿ ಜಾಗದ ಆಟದ ಬಗ್ಗೆ ಅಭಿಮಾನಿಗಳಲ್ಲಿ ಸಮಾಧಾನವಿತ್ತು. ಅದು ಒಮ್ಮೆಯೂ ಚೆಂಡು ಕೈಬಿಟ್ಟಿಲ್ಲ, ರೆಫ್ರಿಗೆ ಎದುರು ಮಾತಾಡಿಲ್ಲ, ಹೋದ ವರ್ಷಕ್ಕಿಂತ ಎಷ್ಟೋ ವಾಸಿ ಎಂದು ಬ್ರೆಂಡಾ ಅಭಿಪ್ರಾಯಪಟ್ಟಳು.

ಈ ನಡುವೆ ಹುಡುಕಾಟ ಶಿಸ್ತಿನಿಂದ ಸಾಗಿತ್ತು. ಬರಲಿರುವ ಪ್ರಾಪ್‌ನಲ್ಲಿ ಇರಬೇಕಾದ ಹನ್ನೊಂದು ಗುಣಗಳ ಪಟ್ಟಿ ತಯಾರಾಯಿತು. ಆಸ್ಟ್ರೇಲಿಯಾದಿಂದ ಬಂದವನೊಬ್ಬ ಗುಡ್ಡದ ಮೇಲಿನ ಗಾಳಿಗೆ ಮುಖ ಒಡ್ಡಿ, ಬಂದ ಟ್ಯಾಕ್ಸಿಯಲ್ಲೇ ಸ್ಟೇಷನ್ನಿಗೆ ಮರಳಿದ. ಫಿಜಿಯವನು ಚೆನ್ನಾಗಿಯೇ ಆಡಿದ, ಆದರೆ ಸೋತಾಗಲೂ ನಗುತ್ತಾನೆಂದು ಕ್ಲೆಮ್ ಆಕ್ಷೇಪಿಸಿದ. ಫ್ರಾನ್ಸಿನವನು ಪೈ ಒಳಗೆ ಏನಿದೆ ಎಂದು ಕೇಳಿ ಅನರ್ಹನಾದ.

ಮಾರ್ಚ್‌ನಲ್ಲಿ ಡಾಬ್ಸ್ ಎಂಬ ದಲ್ಲಾಳಿ ಏಳನೆಯ ಅಭ್ಯರ್ಥಿಯ ವಿವರ ತಂದ. ಪಕ್ಷಪಾತ ಆಗದಿರಲೆಂದು ಹೆಸರಿನ ಮೇಲೆ ಕಾಗದ ಅಂಟಿಸಲಾಗಿತ್ತು. ಎಡ್ವಿನ್ ಗಟ್ಟಿಯಾಗಿ ಓದಿದ. ಎತ್ತರ ಆರಡಿ ಮೂರಂಗುಲ. ಹುಟ್ಟಿ ಬೆಳೆದದ್ದು ಈ ಸೀಮೆಯಲ್ಲೇ, ಗಾಳಿಯ ಅಭ್ಯಾಸವಿದೆ. ಉತ್ತರದ ಹೆಸರಾಂತ ಕ್ಲಬ್ಬೊಂದಕ್ಕೆ ನೂರ ತೊಂಬತ್ತೊಂಬತ್ತು ಪಂದ್ಯ ಆಡಿದ ಅನುಭವ. ಇಲ್ಲಿಗೆ ಬರುವಷ್ಟರಲ್ಲಿ ಎಡ್ವಿನ್ನನ ದನಿ ಸಣ್ಣದಾಯಿತು. ಉಳಿದವರು ಗಮನಿಸಲಿಲ್ಲ. ಹನ್ನೊಂದಕ್ಕೆ ಹನ್ನೊಂದೂ ಗುಣಗಳಿದ್ದವು.

“ಇಂಥೋನು ಇಷ್ಟು ದಿನ ಎಲ್ಲಿದ್ದ?” ಎಂದು ಕ್ಲೆಮ್ ಕಣ್ಣೊರೆಸಿಕೊಂಡ.

ಆಯ್ಕೆ ಸರ್ವಾನುಮತದಿಂದಾಯಿತು. ಆಮೇಲೆ ಕಾಗದ ಕಿತ್ತು ಹೆಸರು ನೋಡಿದರು.

ಇವನು ನಮ್ಮ ಡಾರೆಲ್ ಅಲ್ಲವೇ ಎಂದು ಬ್ರೆಂಡಾ ಕೇಳಿದಳು. ಸಾಧ್ಯವೇ ಇಲ್ಲ, ನಮ್ಮವನು ನಿಧಾನ ಎಂದ ಕ್ಲೆಮ್. ಮೂರನೆಯ ನಿಯಮ ಅಡ್ಡ ಬರುತ್ತದೆಂದು ಎಡ್ವಿನ್ ನೆನಪಿಸಬೇಕಾಯಿತು, ಏಕೆಂದರೆ ನೆನಪಿಸುವುದು ಅವನ ಕೆಲಸ. ಒಮ್ಮೆ ಆದ ಆಯ್ಕೆಯನ್ನು ರದ್ದು ಮಾಡುವ ನಿಯಮ ಇರಲಿಲ್ಲ. ಆದ್ದರಿಂದ ಉಳಿದಿದ್ದ ಒಂದೇ ದಾರಿಯಲ್ಲಿ ಸಮಿತಿ ನಡೆಯಿತು:

“ಬಿಡುಗಡೆಯಾದ ಡಾರೆಲ್ ಲಂಬ್ ಹಾಗೂ ನೇಮಕಗೊಂಡ ಡಾರೆಲ್ ಲಂಬ್ ಬೇರೆ ಬೇರೆ ವ್ಯಕ್ತಿಗಳೆಂದೂ, ಹೆಸರು, ಎತ್ತರ, ವಿಳಾಸ ಹಾಗೂ ಹೆಂಡತಿಯ ವಿಷಯದಲ್ಲಿ ಕಂಡುಬರುವ ಸಾಮ್ಯ ಕೇವಲ ಆಕಸ್ಮಿಕವೆಂದೂ ಸಮಿತಿಯು ದೃಢೀಕರಿಸುತ್ತದೆ.”

ಮರುದಿನ ಡಾರೆಲ್ ಕೆಲಸದ ಬಟ್ಟೆಯಲ್ಲೇ ಸಹಿ ಹಾಕಲು ಬಂದ. ದೃಢೀಕರಣವನ್ನು ಎರಡು ಸಲ ಓದಿದ.

“ಹಾಗಾದ್ರೆ ಆ ನೂರ ತೊಂಬತ್ತೊಂಬತ್ತು ಯಾರದು ಮಾವ?”

“ಹಿಂದಿನವನದು.”

“ಅವನು ಇನ್ನೊಂದು ಆಡ್ಬಹುದಾ?”

“ಅವನನ್ನ ಬಿಡುಗಡೆ ಮಾಡಿದೀವಲ್ಲಪ್ಪ,” ಎಂದ ಎಡ್ವಿನ್. ಹೇಳುವಾಗ ಅವನಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಆದರೂ ಸಹಿ ಹಾಕಬೇಕಾದ ಜಾಗವನ್ನು ಬೆರಳಿಟ್ಟು ತೋರಿಸಿದ.

ಡಾರೆಲ್ ಕಿಟಕಿಯಾಚೆಯ ಮೈದಾನವನ್ನು ಸ್ವಲ್ಪ ಹೊತ್ತು ನೋಡಿದ. ರೇವನ್ಸ್‌ಬಿಯಲ್ಲಿ ಚಹಾ ಚೆನ್ನಾಗಿರಲ್ಲ ಎಂದ. ಸಹಿ ಹಾಕಿದ.

ಭಾನುವಾರ ಮೈದಾನ ತುಂಬಿತ್ತು. ಥಾರ್ನ್‌ಶಾ ಪರವಾಗಿ ಇಂದು ಮೊಟ್ಟಮೊದಲ ಬಾರಿಗೆ ಆಡುತ್ತಿರುವ ಡಾರೆಲ್ ಲಂಬ್ ಎಂದು ಧ್ವನಿವರ್ಧಕ ಘೋಷಿಸಿತು. ಜನ ಎದ್ದು ನಿಂತು ಊರಿಗೆ ಸ್ವಾಗತ ಕೋರಿದರು. ಅವನು ಎಂದಿನಂತೆಯೇ ಆಡಿದ, ಎಂದಿನಂತೆಯೇ ನಿಧಾನವಾಗಿ ತಿರುಗಿದ. ತಂಡ ಎರಡು ಅಂಕಗಳಿಂದ ಗೆದ್ದಿತು. ಆ ತಿರುಗುವಿಕೆಯಲ್ಲೇ ಇರುವುದು ಅನುಭವ ಎಂದು ಕ್ಲೆಮ್ ಸುತ್ತಲಿನವರಿಗೆ ವಿವರಿಸಿದ.

ಪಂದ್ಯದ ನಂತರ ಸಭಾಂಗಣದಲ್ಲಿ ಬ್ರೆಂಡಾ ತನ್ನ ಕೈಯಾರೆ ಡಾರೆಲ್‌ಗೆ ಬಿಯರ್ ತಂದುಕೊಟ್ಟಳು. ಹಿಂದಿದ್ದವನ ಬಗ್ಗೆ ನೀವು ಕೇಳಿರಬಹುದು ಎಂದಳು. ಕೇಳಿದ್ದೇನೆ, ಒಳ್ಳೆಯವನಂತೆ, ಆದರೆ ಸ್ವಲ್ಪ ನಿಧಾನವಂತೆ ಎಂದ ಡಾರೆಲ್. ಹೊಸಬನ ಸಜ್ಜನಿಕೆ ಎಲ್ಲರಿಗೂ ಹಿಡಿಸಿತು.

ಎಡ್ವಿನ್ ಮೂಲೆಯ ಮೇಜಿನಲ್ಲಿ ಆಟಗಾರರ ಪುಸ್ತಕ ತೆರೆದು ಕೂತಿದ್ದ. ಕರ್ಸ್ಟಿ ಬಂದು ಪಕ್ಕದಲ್ಲಿ ನಿಂತಳು. ಆ ಕೋಟು ತೊಟ್ಟೇ ಬಂದಿದ್ದಳು. ಅವನು ಲಂಬ್ ಎಂಬ ಹೆಸರಿನ ಹಳೆಯ ಪುಟವನ್ನು ದಾಟಿ ಹೊಸ ಪುಟಕ್ಕೆ ಬಂದ. ಅಲ್ಲಿ ಅದೇ ಹೆಸರು ಬರೆದು, ಮುಂದೆ ಒಂದು ಎಂದು ಹಾಕಿದ.

“ಇನ್ನೆಷ್ಟು ಆಡ್ಬೇಕಪ್ಪ, ಬೋರ್ಡ್ ಮೇಲೆ ಹೆಸರು ಬರೋಕೆ?”

“ನೂರ ತೊಂಬತ್ತೊಂಬತ್ತು.”

ಕರ್ಸ್ಟಿ ಮನಸ್ಸಿನಲ್ಲೇ ವರ್ಷಗಳ ಲೆಕ್ಕ ಹಾಕಿದಳು. ಡಾರೆಲ್ ಮಂಡಿಗೆ ಮಂಜುಗಡ್ಡೆ ಒತ್ತಿಕೊಂಡು ಕುಂಟುತ್ತ ಅಲ್ಲಿಗೆ ಬಂದ.

“ಮುಂದಿನ ಭಾನುವಾರ ಯಾರ ಜೊತೆ ಮಾವ?” ಎಂದು ಕೇಳಿದ.