ಸಮಸಾಲಿಗೆ ಬಗ್ಗದ ಹತ್ತು ಸಾವಿರದ ಏಳಕ್ಕೆ

ಮಾನ್ಯ ಹತ್ತು ಸಾವಿರದ ಏಳು ಅವರೇ,

ಸಂಖ್ಯಾಕುಲದಲ್ಲಿ ತಮಗಿರುವ ಸ್ಥಾನಮಾನಕ್ಕೆ ಕೈಮುಗಿದು, ಮೈದಾನದ ಸಭೆಗಳಿಗೆ ಕುರ್ಚಿ ಜೋಡಿಸುವ ನಾನು ಬರೆದುಕೊಳ್ಳುವುದೇನೆಂದರೆ, ತಾವಂತೂ ಕ್ಷೇಮವಾಗಿಯೇ ಇರುತ್ತೀರಿ. ಕೆಟ್ಟಿರುವುದು ನನ್ನ ಕ್ಷೇಮ.

ಈ ಸಲ ಲಾರಿಗಳಿಂದ ಇಳಿದ ಕುರ್ಚಿಗಳನ್ನು ಮೂರು ಸಲ ಎಣಿಸಿದರೂ ತಾವೇ ಬಂದಿರಿ. ನಮ್ಮ ಮೇಲ್ವಿಚಾರಕರದು ಒಂದೇ ಕಟ್ಟಳೆ: "ಸಾಲೆಲ್ಲ ಸಮ ಇರ್ಬೇಕು, ಬಂದ ಕುರ್ಚಿ ಒಂದೂ ಮೂಲೆ ಸೇರ್ಬಾರ್ದು. ಕೊನೇ ಸಾಲು ಕುಂಟಿತೋ, ನಾಳೆಯಿಂದ ನೀನು ಮನೇಲಿರು." ನನಗಿಂತ ಮೊದಲಿದ್ದವನು ಐದು ಕುರ್ಚಿ ಹೆಚ್ಚಾಗಿ ಮನೆಯಲ್ಲಿದ್ದಾನೆ.

ಭಾಗಾಕಾರದಲ್ಲಿ ಶೇಷ ಬರುವ ಪಾಠಕ್ಕೇ ಶಾಲೆ ಬಿಟ್ಟವನು ನಾನು. ಆದರೂ ಎರಡರಿಂದ ಭಾಗಿಸಿದೆ, ಒಂದು ಉಳಿಸಿದಿರಿ. ಮೂರರಿಂದ ಭಾಗಿಸಿದರೆ ಎರಡು, ಏಳರಿಂದ ಭಾಗಿಸಿದರೆ ನಾಲ್ಕು, ಹದಿಮೂರರಿಂದ ಭಾಗಿಸಿದರೆ ಹತ್ತು ಉಳಿಸಿದಿರಿ. ಏನಾದರೊಂದು ಉಳಿಸದೆ ಕಳಿಸಬಾರದೆಂಬ ತಮ್ಮ ಔದಾರ್ಯವನ್ನು ಎಷ್ಟು ಹೊಗಳಿದರೂ ಸಾಲದು. ಮುನ್ನೂರ ಹನ್ನೆರಡರವರೆಗೆ ಹೋಗಿದ್ದೆ, ಆಗ ಮಗಳು ಬಂದು, "ಅಪ್ಪಾ, ನೂರರ ತನಕ ನೋಡಿದ್ರೆ ಸಾಕಿತ್ತು. ಅಲ್ಲೀವರೆಗೂ ಬಗ್ಗದೋರು ಆಮೇಲೂ ಬಗ್ಗಲ್ಲ. ಇದು ಅವಿಭಾಜ್ಯ," ಎಂದಳು.

ಐದಂಕಿಯ ಅವಿಭಾಜ್ಯರಲ್ಲಿ ತಾವೇ ಮೊದಲಿಗರಂತೆ. ಇರಬಹುದು, ಹೊಸ್ತಿಲಲ್ಲೇ ಕಾಲು ಚಾಚಿ ಕೂತು ಬರುವವರನ್ನೆಲ್ಲ ಎಡವಿಸುವ ದೊಡ್ಡಸ್ತಿಕೆ ಯಾವ ಮನೆಯಲ್ಲಿಲ್ಲ? ಒಂದಕ್ಕೆ ಮತ್ತು ತಮಗೆ ಮಾತ್ರ ತಾವು ಬಗ್ಗುತ್ತೀರಂತೆ. ಅಂದರೆ ಎಲ್ಲ ಕುರ್ಚಿ ಒಂದೇ ಸಾಲಿನಲ್ಲಿರಬೇಕು, ಇಲ್ಲವೇ ಒಂದರ ಹಿಂದೊಂದು. ಎರಡರಲ್ಲೂ ಕೊನೆಯವನಿಗೆ ಭಾಷಣ ಕೇಳಿಸುವುದಿಲ್ಲವೆಂಬುದೊಂದೇ ತಮ್ಮಿಂದ ಲೋಕಕ್ಕಾಗುವ ಉಪಕಾರ. ಕಟ್ಟಳೆ ಮುರಿದು ಒಂದು ಕುರ್ಚಿ ಬಚ್ಚಿಟ್ಟರೂ, ತಮ್ಮ ಪಕ್ಕದ ಮನೆಯವರು ಐದು ಸಾವಿರದ ಮೂರರ ಎರಡು ಸಾಲಿಗಿಂತ ಹೆಚ್ಚು ಜಗ್ಗುವುದಿಲ್ಲ. ನೆರೆಹೊರೆಯನ್ನೂ ಚೆನ್ನಾಗಿಯೇ ಕೆಡಿಸಿದ್ದೀರಿ. ಆದ್ದರಿಂದ ಸಭೆ ಮುಗಿಯುವ ತನಕವಾದರೂ ತಾವು ದಯಮಾಡಿ ಬೇರೆ ಸಂಖ್ಯೆಯಾಗಿರಬೇಕೆಂದು ವಿನಂತಿಸಿದ್ದೆ. ಕಿವಿಗೆ ಹಾಕಿಕೊಳ್ಳಲಿಲ್ಲ.

ಕುರ್ಚಿ ತೆಗೆಯಬಾರದೆಂದರೇ ಹೊರತು ಸೇರಿಸಬಾರದೆಂದು ಯಾರೂ ಹೇಳಿರಲಿಲ್ಲ. ಮನೆಗೆ ಓಡಿ, ಹೆಂಡತಿ ಕೂತು ತರಕಾರಿ ಹೆಚ್ಚುವ ಮರದ ಕುರ್ಚಿಯನ್ನು ಹೊತ್ತು ತಂದೆ. "ಇದ್ದಿದ್ದೇ ಒಂದು, ಅದನ್ನೂ ಸಭೆಗೆ ಕೊಡಿ," ಎಂದಳು. ಕೊಟ್ಟೆ. ಹತ್ತು ಸಾವಿರದ ಎಂಟಾಯಿತು: ನೂರ ಮೂವತ್ತೊಂಬತ್ತರ ಎಪ್ಪತ್ತೆರಡು ಸಾಲು, ದಾರ ಹಿಡಿದ ಹಾಗೆ. ಮೇಲ್ವಿಚಾರಕರು ಕೊನೆಯ ಸಾಲಿನವರೆಗೂ ನಡೆದು ಬಂದು, "ನಾಳೆ ಬೇಗ ಬಾ," ಎಂದರು.

ಇಂತು, ತಮ್ಮ ಲೆಕ್ಕಕ್ಕೆ ಸಿಗದೆ ಉಳಿದುಕೊಂಡ ತಮ್ಮ ವಿಶ್ವಾಸಿ,
ಕುರ್ಚಿಯವನು

ಮರೆತ ಮಾತು: ನಮ್ಮ ಮನೆಯ ಕುರ್ಚಿಗೆ ಒಂದು ಕಾಲು ಗಿಡ್ಡ. ತಮ್ಮನ್ನು ಭಾಗಿಸಿ ಸೋತ ಹಾಳೆಯನ್ನೇ ಅದರಡಿ ಕೊಟ್ಟಿದ್ದೇನೆ, ನಾಲ್ಕು ಮಡಿಕೆ ಮಾಡಿ. ಮಡಿಕೆ ಸಮನಾಗಿ ಬಂತು, ಏನೂ ಉಳಿಯಲಿಲ್ಲ.