ಭೂಗೋಳದ ಚಕ್ಕುಬಂದಿ

ನಮ್ಮಣ್ಣ ಯಾರನ್ನೂ ನಂಬುವುದಿಲ್ಲ ಎಂದು ಯಾರಾದರೂ ಹೇಳಿದರೆ ಅದು ಶುದ್ಧ ಸುಳ್ಳು. ತೀರಿಹೋದವರನ್ನು ಅವನು ಖಂಡಿತ ನಂಬುತ್ತಾನೆ. ಮರಣ ಪ್ರಮಾಣಪತ್ರ ಮಾತ್ರ ತೋರಿಸಬೇಕು, ಅಷ್ಟೇ!

ಅವನದೇನು ತಪ್ಪು ಹೇಳಿ? ಮೂವತ್ತು ವರ್ಷ ಸೊರಬದಲ್ಲಿ ನೋಂದಣಿ ಕಚೇರಿಯ ಎದುರು ಮೇಜು ಹಾಕಿಕೊಂಡು ಜಮೀನಿನ ಪತ್ರ ಬರೆದವನು. ಒಂದೇ ಎಕರೆಯನ್ನು ಇಬ್ಬರಿಗೆ ಮಾರಿದವರನ್ನೂ ಇಲ್ಲದ ತಮ್ಮನನ್ನು ಹಾಜರು ಮಾಡಿ ಹೆಬ್ಬೆಟ್ಟು ಒತ್ತಿಸಿದವರನ್ನೂ ಕಂಡವನು. ಈಗ ಶಿಕಾರಿಪುರದ ನಮ್ಮ ಮನೆಗೆ ಹೊರಟರೆ ಬಸ್ಸಿನ ಬೋರ್ಡು ಓದಿದ ಮೇಲೂ ಕಂಡಕ್ಟರನ್ನು ಕೇಳುತ್ತಾನೆ, ಆಮೇಲೆ ಪಕ್ಕದ ಸೀಟಿನವರನ್ನು ಕೇಳುತ್ತಾನೆ. ಇಬ್ಬರೂ ಶಿಕಾರಿಪುರ ಎಂದರೆ ಅನುಮಾನ ಇನ್ನೂ ಜಾಸ್ತಿ: "ಮೊದ್ಲೇ ಮಾತಾಡ್ಕೊಂಡಿದಾರೆ!"

ನಾನೇನು ಕಡಿಮೆಯವಳೇ? ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್ ಸ್ಟ್ಯಾಂಡಿನಿಂದ ವಾಪಸು ಬಂದು ನೋಡಿ, ಮತ್ತೆ ಬಸ್ ಸ್ಟ್ಯಾಂಡಿಗೆ ಹೋಗಿ, ಈಗ ಬೀಗ ಹಾಕಿದೆನೋ ಇಲ್ಲವೋ ಎಂದು ಬೆವರುವವಳು. ಅಣ್ಣ ಯಾರು ಮೋಸ ಮಾಡಿದರು ಎಂದು ಹುಡುಕುತ್ತಾನೆ. ನಾನು ಯಾವಾಗ ಮಾಡುತ್ತಾರೋ ಎಂದು ಕಾಯುತ್ತೇನೆ. ಇಬ್ಬರ ಮಧ್ಯೆ ಸಿಕ್ಕಿಕೊಂಡವಳು ನನ್ನ ಮಗಳು.

ಅವಳು ಪಿಯುಸಿ ಮುಗಿಸಿದ ವರ್ಷ ಡಿಗ್ರಿ ಫಾರಂನಲ್ಲಿ ಒಂದು ಮೇಜರ್, ಒಂದು ಮೈನರ್ ಬರೆಯಬೇಕಿತ್ತು. ಮೇಜರ್ ಎಂದರೆ ಆಳವಾಗಿ ಓದುವ ವಿಷಯ, ಮೈನರ್ ಎಂದರೆ ಅದರ ಜೊತೆಗೊಂದು. ಮಗಳು ಭೂಗೋಳ ಮೇಜರ್, ಕಂಪ್ಯೂಟರ್ ಮೈನರ್ ಎಂದಳು. ಎರಡೂ ಸೇರಿದರೆ ಕಂಪ್ಯೂಟರಿನಲ್ಲಿ ನಕ್ಷೆ ಮಾಡುವ ಕೆಲಸ ಸಿಗುತ್ತದಂತೆ. ನಾನು ಅರ್ಥಶಾಸ್ತ್ರ ಎಂದೆ. ಬ್ಯಾಂಕ್ ಪರೀಕ್ಷೆಗೆ ಕೂರಬಹುದಲ್ಲ! ಭೂಗೋಳ ಬೇಕೇ ಬೇಕಾದರೆ ಮೈನರ್ ಆಗಿ ಒಂದು ಮೂಲೆಯಲ್ಲಿ ಬಿದ್ದಿರಲಿ. ಅವಳು ಒಪ್ಪಲಿಲ್ಲ. ಫಾರಂ ಕೊಡಲು ಮೂರೇ ದಿನ ಉಳಿದಿತ್ತು. ಗಾಬರಿಯಲ್ಲಿ ನಾನು ಅಣ್ಣನಿಗೆ ಫೋನ್ ಮಾಡಿದೆ. ವಯಸ್ಸಾದಂತೆ ಬುದ್ಧಿ ಬರುತ್ತದೆ ಎಂದವರು ಯಾರು?

ಬಂದವನೇ ಕಾಲೇಜಿನವರು ಕೊಟ್ಟ ವಿಷಯಗಳ ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದ.

"ಇದ್ರ ಚಕ್ಕುಬಂದಿ ಎಲ್ಲೈತೆ?"

"ಪಾಠಕ್ಕೆ ಎಂಥ ಚಕ್ಕುಬಂದಿ ಅಣ್ಣ?"

"ಅಲ್ಲ ಮಾರಾಯ್ತಿ, ಪೂರ್ವಕ್ಕೆ ಏನು, ಪಶ್ಚಿಮಕ್ಕೆ ಏನು ಅಂತ ನಾಕೂ ಕಡೆ ಗಡಿ ಬರೀದೆ ಜಮೀನು ಬರೀತಾರೇನು? ಈ ಭೂಗೋಳ ಮುಗಿದ ಮೇಲೆ ಆಚೆ ಏನೈತೆ? ಕೆಲಸಾನೋ, ಕೆರೆಯೋ?"

ಮಗಳು ನಕ್ಕಳು. "ಕಾಲೇಜಿಗೇ ಬಾ ಮಾವ, ಸರ್ ಹತ್ರನೇ ಕೇಳೋಣ."

"ಮಾರೋನ್ನ ಕೇಳ್ತಾರೇನೇ ಹುಚ್ಚಿ? ಬದುವಿನ ಆಚೆಯೋನ್ನ ಕೇಳ್ಬೇಕು!"

ಹೊಲ ಕೊಳ್ಳುವವರಿಗೆ ಅವನು ಹೇಳುತ್ತಿದ್ದ ಕ್ರಮವೇ ಅದು. ನೀರು ಎಲ್ಲಿ ನಿಲ್ಲುತ್ತದೆ, ತಕರಾರು ಯಾರದು ಎಂಬುದೆಲ್ಲ ಪಕ್ಕದ ಹೊಲದವನಿಗೆ ಗೊತ್ತಿರುತ್ತದೆ. ಹಾಗಾಗಿ ಎರಡು ದಿನ ಕಾಲೇಜಿನ ಒಳಗೆ ಕಾಲಿಡದೆ, ಗೇಟಿನ ಎದುರಿನ ಜೆರಾಕ್ಸ್ ಅಂಗಡಿ, ಬೇಕರಿ, ಪಂಕ್ಚರ್ ಅಂಗಡಿಗಳಲ್ಲಿ ಕೂತು ವಿಚಾರಣೆ ನಡೆಸಿದ. ಮೊದಲ ದಿನ ಸಂಜೆಯೇ ವರದಿ.

"ಅರ್ಥಶಾಸ್ತ್ರದ ಹುಡುಗ್ರು ದಿನಾ ಕಂತೆಗಟ್ಟಲೆ ಜೆರಾಕ್ಸ್ ಮಾಡಿಸ್ತಾರಂತೆ. ಸ್ವಂತ ಬುದ್ಧಿ ಇಲ್ಲ ಅಂತಾಯ್ತು."

ನಾನು ಒಲೆಯ ಮೇಲಿನ ಹಾಲು ಬಿಟ್ಟು ಓಡಿ ಬಂದೆ. "ಭೂಗೋಳದೋರು?"

"ಒಬ್ರೂ ಆ ಕಡೆ ತಲೆ ಹಾಕಲ್ವಂತೆ. ಏನೋ ಮುಚ್ಚಿಡ್ತಿದಾರೆ!"

ಮುಚ್ಚಿಟ್ಟದ್ದು ಏನೂ ಇರಲಿಲ್ಲ. ಅವರು ನಕ್ಷೆಗಳನ್ನೆಲ್ಲ ಕೈಯಲ್ಲೇ ಬರೆಯಬೇಕಿತ್ತು. ಜೆರಾಕ್ಸ್ ತಂದರೆ ಮೇಷ್ಟ್ರು ಹರಿದು ಕೈಗೆ ಕೊಡುತ್ತಿದ್ದರಂತೆ. ಮಾರನೆಯ ದಿನ ಈ ಸಂಗತಿಯನ್ನು ಪತ್ತೆ ಮಾಡಿಕೊಟ್ಟವನು ಪಂಕ್ಚರ್ ಅಂಗಡಿಯವನು. ಅಷ್ಟರಲ್ಲಿ ಕಾಲೇಜಿನ ವಾಚ್‌ಮನ್‌ಗೆ ಅಣ್ಣನ ಮೇಲೆಯೇ ಗುಮಾನಿ ಬಂದಿತ್ತು.

"ಯಾರ್ರೀ ನೀವು? ನಿನ್ನೆಯಿಂದ ಇಲ್ಲೇ ಕೂತು ಹುಡುಗ್ರ ಲೆಕ್ಕ ಬರ್ಕೊಳ್ತಾ ಇದೀರಲ್ಲ, ಏನ್ ಸಮಾಚಾರ?"

ಬೇರೆಯವರಾಗಿದ್ದರೆ ಅವಮಾನದಿಂದ ಕುಗ್ಗುತ್ತಿದ್ದರು. ಅಣ್ಣನಿಗೆ ಪರಮಾನಂದ! ಮನೆಗೆ ಬಂದು, "ಕಾಲೇಜು ಪರವಾಗಿಲ್ಲ ಕಣೇ, ಕಾವಲು ಗಟ್ಟಿ ಐತೆ" ಎಂದು ಎರಡು ಲೋಟ ಕಾಫಿ ಕುಡಿದ.

ಕೊನೆಯ ದಿನ ಬೆಳಗ್ಗೆ ಫಾರಂ ಮೇಜಿನ ಮೇಲಿತ್ತು. ಇನ್ನೇನು ಮಗಳು ಬರೆಯಬೇಕು, ಅಣ್ಣನ ಅನುಮಾನ ಅವಳ ಕಡೆಗೇ ತಿರುಗಿತು.

"ವಿಷಯದಲ್ಲಿ ದೋಷ ಇಲ್ಲ, ಒಪ್ಕೋತೀನಿ. ಆದ್ರೆ ಇದನ್ನ ಈ ಹುಡುಗಿ ತಲೆಗೆ ತುಂಬಿದೋರು ಯಾರು? ನಮ್ಮ ಕಡೆ ಭೂಗೋಳ ಓದಿದೋರು ಒಬ್ರಿಲ್ಲ. ಹಿಂದೆ ಯಾರೋ ಇದಾರೆ."

ಹೌದಲ್ಲ! ನನಗೇಕೆ ಹೊಳೆಯಲಿಲ್ಲ? ಗೆಳತಿಯೇ? ಅಥವಾ ಗೆಳೆಯನೇ? ಅಯ್ಯೋ, ಗೆಳೆಯನೇ ಇರಬೇಕು! ಹೆಸರು ಹೇಳದಿದ್ದರೆ ಅರ್ಥಶಾಸ್ತ್ರವೇ, ನನ್ನ ಸಹಿ ಬೇರೆಯದಕ್ಕೆ ಇಲ್ಲ ಎಂದುಬಿಟ್ಟೆ.

ಮಗಳು ಪೆನ್ನು ಕೆಳಗಿಟ್ಟಳು. ಅವಳ ಕಣ್ಣು ತುಂಬಿತ್ತು.

"ಹೇಳ್ಲಾ?"

"ಹೇಳು. ಹೆಸರು, ತಂದೆ ಹೆಸರು, ವಾಸ."

"ನೀನೇ, ಮಾವ."

ಅಣ್ಣ ಕಣ್ಣು ಪಿಳಿಪಿಳಿ ಬಿಟ್ಟ.

"ಬೇಸಿಗೆ ರಜೇಲಿ ಅಮ್ಮ ನನ್ನ ಸೊರಬದಲ್ಲಿ ಬಿಟ್ಟು ಕೆಲಸಕ್ಕೆ ಬರ್ತಿದ್ಲಲ್ಲ. ನೀನು ಮೇಜಿನ ಮೇಲೆ ಹೊಲದ ನಕ್ಷೆ ಬರೀತಿದ್ದೆ. ಹಳ್ಳಕ್ಕೆ ನೀಲಿ ಹಚ್ಚೋದು ನಂಗೆ ಬಿಡ್ತಿದ್ದೆ. ಒಂದಿನ ಹೊಸಬಾಳೆ ಊರ ಕಡೆ ಹೊಲದ ನಕ್ಷೇಲಿ ನೀಲಿ ಬಣ್ಣ ಗೆರೆ ದಾಟಿ ಹೋಯ್ತು ಅಂತ ನಾನು ಅತ್ಬಿಟ್ಟೆ. 'ಅಳ್ಬೇಡ ಮಗಾ, ಹಳ್ಳಕ್ಕೆ ನಮ್ಮ ಗೆರೆ ಗೊತ್ತಿರಲ್ಲ' ಅಂದು ಇಡೀ ನಕ್ಷೆ ಮತ್ತೆ ಬರೆದೆ."

ಅಣ್ಣ ಕನ್ನಡಕ ತೆಗೆದ. ಒರೆಸಿದ. ಮತ್ತೆ ಹಾಕಿಕೊಳ್ಳಲಿಲ್ಲ. ನಾನು ಎಂದೂ ಕೇಳಿರದಷ್ಟು ಸಣ್ಣ ದನಿಯಲ್ಲಿ ಕೇಳಿದ:

"ಇದಕ್ಕೆ ಸಾಕ್ಷಿ ಯಾರು?"

ನನಗೆ ಆ ಶನಿವಾರಗಳು ನೆನಪಾದವು. ಮಗಳನ್ನು ಕರೆದೊಯ್ಯಲು ಸೊರಬದಲ್ಲಿ ಬಸ್ಸಿಳಿದು ಬಂದರೆ, ಒಂದು ಕಾಗದದ ಮೇಲೆ ಎರಡು ತಲೆ ಬಗ್ಗಿರುತ್ತಿದ್ದವು. ಕೂಗಿದರೆ ಗೆರೆ ಎಲ್ಲಿ ಸೊಟ್ಟಗಾಗುತ್ತದೋ ಎಂದು ಹೆದರಿ ನಾನು ದೂರದಲ್ಲೇ ನಿಂತಿರುತ್ತಿದ್ದೆ.

"ನಾನಿದ್ದೆ ಅಣ್ಣ," ಎಂದೆ. "ನಾನೇ ನೋಡಿದೀನಿ."

ಫಾರಂ ಎಳೆದುಕೊಂಡು ಪೋಷಕರ ಸಹಿ ಎಂದಿದ್ದ ಕಡೆ ಸಹಿ ಹಾಕಿ ಮಗಳ ಮುಂದಿಟ್ಟೆ. ಮೇಲಿನ ಜಾಗವೆಲ್ಲ ಇನ್ನೂ ಖಾಲಿಯೇ ಇತ್ತು. ಖಾಲಿ ಕಾಗದಕ್ಕೆ ಸಹಿ ಹಾಕಬೇಡಿ ಎಂದು ಮೂವತ್ತು ವರ್ಷ ಎಲ್ಲರಿಗೂ ಹೇಳಿದ ಅಣ್ಣ ಅದನ್ನು ನೋಡಿದ, ಪೆನ್ನು ತೆಗೆದು ಮಗಳ ಕೈಗೆ ಕೊಟ್ಟ.