ಯಂತ್ರಕ್ಕೆ ವಿಭೂತಿ ಇಟ್ಟು ಸಂಶೋಧನೆ ಮಾಡಿದ್ದು

ನಾನು ಕೈಹಾಕಿದ ಕೆಲಸ ಎಂದೂ ಕೆಟ್ಟಿಲ್ಲ. ಕೆಟ್ಟಿದ್ದರೆ ಅದು ಆ ಕೆಲಸದ ಹಣೆಬರಹ! ಎಪ್ಪತ್ತರ ದಶಕದ ಮೊದಲಲ್ಲಿ ಇದೇ ಧೈರ್ಯದ ಮೇಲೆ ಬೀದರ ಬಿಟ್ಟು, ಔರಂಗಾಬಾದಿನಲ್ಲಿ ರಸಾಯನಶಾಸ್ತ್ರದ ಸಂಶೋಧನೆಗೆ ನಿಂತೆ. ಶಿಷ್ಯವೇತನ ಇನ್ನೊಂದು ವರ್ಷ ಮುಂದುವರಿಯಬೇಕಾದರೆ ದೀಪಾವಳಿಯೊಳಗೆ ಏನಾದರೂ ಫಲಿತಾಂಶ ತೋರಿಸಬೇಕಿತ್ತು. ಇಲ್ಲವಾದರೆ ಗಂಟುಮೂಟೆ ಕಟ್ಟಿಕೊಂಡು ಹೋಗಿ ಮಾವನ ಬಟ್ಟೆ ಅಂಗಡಿಯಲ್ಲಿ ಕೂರಬೇಕು.

ನನ್ನ ಪಾಲಿಗೆ ಬಂದದ್ದು ಗ್ಯಾಸ್ ಕ್ರೊಮೆಟೋಗ್ರಾಫ್ ಎಂಬ ಯಂತ್ರ. ಒಳಗೆ ಸುರುಳಿ ಸುತ್ತಿದ ತಾಮ್ರದ ಕೊಳವೆ; ಅದರ ತುಂಬ ಎಣ್ಣೆ ಸವರಿದ ಇಟ್ಟಿಗೆ ಪುಡಿ. ಒಂದು ಹನಿ ಬೆಂಜೀನ್ ಚುಚ್ಚಿದರೆ ಅದು ಆವಿಯಾಗಿ, ಅನಿಲದ ಜೊತೆ ಸಾಗುತ್ತ, ದಾರಿಯಲ್ಲಿ ಎಣ್ಣೆಗೆ ಅಂಟಿಕೊಂಡು ತಡವಾಗಿ ಹೊರಬರುತ್ತದೆ. ಎಷ್ಟು ತಡ, ಅನಿಲದ ವೇಗ ಎಷ್ಟು ಎಂದು ಗೊತ್ತಾದರೆ ಬೆಂಜೀನಿಗೂ ಎಣ್ಣೆಗೂ ಎಷ್ಟು ನಂಟು ಎಂದು ಲೆಕ್ಕ ಹಾಕಬಹುದು. ಇಂಥ ಮನೆಮುರುಕ ವಿಚಾರಣೆಗೆ ಥರ್ಮೊಡೈನಮಿಕ್ಸ್ ಎಂಬ ಗೌರವದ ಹೆಸರಿದೆ. ಅನಿಲದ ವೇಗ ಅಳೆಯಲು ಒಂದು ಗಾಜಿನ ನಳಿಕೆ. ಅದರಲ್ಲಿ ಸಾಬೂನಿನ ಗುಳ್ಳೆ ಕೆಳಗಿನ ಗೆರೆಯಿಂದ ಮೇಲಿನ ಗೆರೆಗೆ ಏರುವ ಹೊತ್ತನ್ನು ಗಡಿಯಾರ ಹಿಡಿದು ನೋಡಿದರಾಯಿತು. ಮಕ್ಕಳಾಟ!

ಕೊಳವೆ ತುಂಬುವುದರಲ್ಲೇ ಶ್ರಾವಣ ಕಳೆದು ಮಹಾನವಮಿ ಬಂತು. ಹೆಂಡತಿ ಶರಣಮ್ಮ ಬೆಳಿಗ್ಗೆಯೇ ಹಿಡಿದುಕೊಂಡಳು.

"ಏನ್ರೀ, ಹೋಟೆಲಿನ ರಾಯರು ಕಾಫಿ ಬೀಜ ಬೀಸೋ ಮಷಿನಿಗೂ ಪೂಜಾ ಮಾಡ್ಯಾರ. ನಮಗ ಅನ್ನ ಕೊಡೋ ಮಷಿನಿಗಿ ಒಂದು ಹೂ ಸೈತ ಇಲ್ಲೇನು?"

ನಾಚಿಕೆಯಾಯಿತು. ಹೋಗಿ ಯಂತ್ರಕ್ಕೆ ಚೆಂಡು ಹೂ ಏರಿಸಿ, ಕಾಯಿ ಒಡೆದೆ. ಗಾಜಿನ ನಳಿಕೆಗೂ ವಿಭೂತಿ ಬೇಡವೇ? ಬೆರಳು ದಪ್ಪ, ನಳಿಕೆ ಸಣ್ಣ. ಬೆಂಕಿಕಡ್ಡಿಯನ್ನು ವಿಭೂತಿಯಲ್ಲಿ ಅದ್ದಿ, ಸಂಶೋಧಕನಿಗೆ ತಕ್ಕ ಶಿಸ್ತಿನಿಂದ ಮೂರು ನೇರ ಅಡ್ಡಗೆರೆ ಎಳೆದೆ. ಹಚ್ಚಿದ ವಿಭೂತಿಯನ್ನು ಒರೆಸುವ ಪದ್ಧತಿ ನಮ್ಮಲ್ಲಿಲ್ಲ. ಮರುದಿನ ಸಾಬೂನು ನೀರಿನ ಕೈ ತಾಗಿ ಎರಡು ಗೆರೆ ತಾವೇ ಹೋದವು. ಒಂದು ಉಳಿಯಿತು.

ನಳಿಕೆಯ ಅಸಲಿ ಕೆಳಗೆರೆ ಎಂದೋ ಸವೆದು ಮಾಸಿತ್ತು. ಹೀಗಾಗಿ ಅದಕ್ಕಿಂತ ಮೇಲಿದ್ದ ವಿಭೂತಿಯ ಗೆರೆಯಿಂದಲೇ ನಾನು ಗುಳ್ಳೆಯ ಓಟ ಎಣಿಸಿದೆ. ದಾರಿ ಗಿಡ್ಡವಾಯಿತು, ಹೊತ್ತು ಕಡಿಮೆಯಾಯಿತು, ಅನಿಲ ಕುದುರೆಯಂತೆ ಓಡುತ್ತಿದೆ ಎಂದು ಬರೆದುಕೊಂಡೆ. ಇದೆಲ್ಲ ಈಗ ಹೇಳುವ ಮಾತು. ಆಗ ಗೊತ್ತಿದ್ದರೆ ನಾನೇಕೆ ಹೀಗಾಗುತ್ತಿದ್ದೆ!

ಲೆಕ್ಕ ಹಾಕಿ ನೋಡಿದರೆ, ಅಷ್ಟು ವೇಗದ ಅನಿಲದಲ್ಲೂ ಇಷ್ಟು ತಡ ಮಾಡುವ ಬೆಂಜೀನಿಗೆ ಎಣ್ಣೆಯ ಮೇಲೆ ನಾಸಿಕದ ಪ್ರೊಫೆಸರರೊಬ್ಬರ ಪುಸ್ತಕದ ಕೋಷ್ಟಕದಲ್ಲಿ ಹೇಳಿದ್ದಕ್ಕಿಂತ ವಿಪರೀತ ಪ್ರೀತಿ! ಹತ್ತು ಸಲ ಅಳೆದೆ. ಹತ್ತು ಸಲವೂ ಅದೇ ಉತ್ತರ. ತಪ್ಪಾದರೆ ಒಂದು ಸಲ ಆದೀತು, ಹತ್ತು ಸಲ ಬಂದದ್ದು ಸತ್ಯವೇ ಇರಬೇಕು. ಬುದ್ಧಿ ಹೇಳಬೇಕಾದ ಗೈಡ್ ರಜೆಯ ಮೇಲಿದ್ದರು. ನೇರವಾಗಿ ಓಣಿಯ ಮೂಲೆಯ ಹೋಟೆಲಿಗೆ ಹೋದೆ. ಅದರ ಮಾಲೀಕರಾದ ರಾಯರು ಉಡುಪಿ ಕಡೆಯವರು.

"ರಾಯರೇ, ನಾಸಿಕದ ದೊಡ್ಡ ಪ್ರೊಫೆಸರರ ಕೋಷ್ಟಕವೇ ತಪ್ಪು!"

"ಎಂತ ಮಾರಾಯ್ರೆ! ಅವರಿಗೆ ತಿಳಿಸಿದ್ರಾ?" ಎಂದು ರಾಯರು ಒಂದು ತಟ್ಟೆ ಶೀರಾ ಮುಂದಿಟ್ಟರು.

ತಿಳಿಸದಿದ್ದರೆ ಅನ್ಯಾಯವಲ್ಲವೇ? ಶೀರಾ ಮುಗಿಸಿ ಅಲ್ಲೇ ಕೂತು ಪತ್ರ ಬರೆದೆ: 'ತಮ್ಮ ಕೋಷ್ಟಕವನ್ನು ಮುಂದಿನ ಮುದ್ರಣದಲ್ಲಿ ತಿದ್ದಿಕೊಳ್ಳಬೇಕಾಗಿ ಸವಿನಯ ಪ್ರಾರ್ಥನೆ.' ನನ್ನ ಶಿಷ್ಯವೇತನ ಮುಂದುವರಿಸುವ ಸಮಿತಿಗೆ ಅವರೇ ಅಧ್ಯಕ್ಷರು ಎಂಬುದು ಪತ್ರ ಡಬ್ಬಿಗೆ ಬಿದ್ದ ಮೇಲೆ ನೆನಪಾಯಿತು.

ಎಂಟೇ ದಿನಕ್ಕೆ ಪ್ರೊಫೆಸರರು ನಾಸಿಕದ ಬಸ್ಸಿನಿಂದ ಇಳಿದು ನೇರ ಪ್ರಯೋಗಾಲಯಕ್ಕೆ ಬಂದರು. ಗುಳ್ಳೆ ಬಿಟ್ಟೆ. ಅವರು ಕನ್ನಡಕ ಸರಿಪಡಿಸಿಕೊಂಡು, ಎಲ್ಲಿಂದ ಎಣಿಸುತ್ತೀ ಎಂದು ಕೇಳಿದರು. ತೋರಿಸಿದೆ. ಅವರು ಹೆಬ್ಬೆರಳಿನಿಂದ ಗೆರೆಯನ್ನು ಒಮ್ಮೆ ಉಜ್ಜಿದರು. ಗೆರೆ ಮಾಯ!

"ಹೇ ಕಾಯ್ ಆಹೇ?" ಇದೇನು ಎಂದು ಮರಾಠಿಯಲ್ಲಿ ಕೇಳಿದರು.

"ವಿಭೂತಿ, ಸರ್."

ಅವರು ಹೆಬ್ಬೆರಳನ್ನು ನೋಡಿದರು, ನನ್ನ ಹಣೆಯನ್ನು ನೋಡಿದರು. ನಿಜವಾದ ಗೆರೆಗೆ ಮಸಿ ಹಚ್ಚಿಸಿ ಮತ್ತೆ ಅಳೆಯಿಸಿದರು. ಸಂಜೆಯ ಹೊತ್ತಿಗೆ ಉತ್ತರ ಅವರ ಕೋಷ್ಟಕಕ್ಕೆ ಕೊನೆಯ ಅಂಕಿಯವರೆಗೂ ಕೂಡಿಬಂತು. ಅವರ ಮುಖ ಅರಳಿತು. ತಮ್ಮ ಕೋಷ್ಟಕವನ್ನು ಇಷ್ಟು ನಿಷ್ಠೆಯಿಂದ ಸಮರ್ಥಿಸಿದವರು ಬೇರೆ ಯಾರೂ ಇಲ್ಲವೆಂದು ಹೇಳಿ, ಇನ್ನೊಂದು ವರ್ಷಕ್ಕೆ ಸಹಿ ಹಾಕಿಯೇ ಹೋದರು.

ಮನೆಗೆ ಬಂದು ಎಲ್ಲ ಹೇಳಿದೆ. ಶರಣಮ್ಮ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು.

"ಅಂದ್ರ, ಅವರು ಬರದದ್ದು ಖರೇ ಅದ ಅಂತ ನೀವು ಕಂಡು ಹಿಡದ್ರಿ?"

"ಹೌದು."

"ಅದಕ್ಕ ಇನ್ನೊಂದು ವರ್ಷ ಪಗಾರ ಕೊಡ್ತಾರ?"

"ಕೊಡ್ತಾರ."

"ಹಂಗಾರ ಇನ್ನ ಮ್ಯಾಲ ಹೊಸಾದು ಏನೂ ಕಂಡು ಹಿಡೀಬ್ಯಾಡ್ರಿ!"

ಹೆಂಡತಿಯ ಆ ಒಂದು ಮಾತನ್ನು ನಿವೃತ್ತನಾಗುವವರೆಗೂ ಚಾಚೂ ತಪ್ಪದೆ ಪಾಲಿಸಿದೆ.